ಹಳೆ ಟಿವಿ ಗೇಮ್‌ಗೆ ಹೊಸ ಆಟ, ಹೊಸ ಸೌಂಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಟಿವಿ ಗೇಮ್‌ಗೆ ನಾವೇ ಆಟ ಬರೆಯಬಹುದು ಅಂತ ಕಲಬುರಗಿಯಲ್ಲಿ ಯಾರಿಗೆ ಹೇಳಿದರೂ ಮುಂದೆ ಒಂದಿಷ್ಟು ಪ್ರಶ್ನೆಗಳು ಬಂದೇ ಬರುತ್ತವೆ. ಕಾಲೇಜು ಹುಡುಗರು, ಶಾಲೆ ಮೇಷ್ಟ್ರು, ಮಕ್ಕಳ ತಂದೆ-ತಾಯಿ, ಬೀದರ್ ಮತ್ತು ಯಾದಗಿರಿಯಿಂದ ಬರೆದು ಕೇಳಿದವರು, ಎಲ್ಲರ ಪ್ರಶ್ನೆಗಳನ್ನೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಆಟ ಬರೆಯಲು ಕಲಿಸುವ ಪಾಠಗಳಲ್ಲಿ ಬರುವ ಮಷೀನ್ ಬೇರೆ, ನಮ್ಮ ಮನೆಗಳಲ್ಲಿ ಇದ್ದ ಮಷೀನ್ ಬೇರೆ. ಆ ವ್ಯತ್ಯಾಸ ಕಣ್ಣಿಗಿಂತ ಕಿವಿಗೆ ಬೇಗ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಸೌಂಡ್‌ಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಶುರು ಮಾಡುವವರಿಗೆ

ನಮ್ಮ ಮನ್ಯಾಗಿದ್ದ ಟಿವಿ ಗೇಮ್ ಖರೇ ಯಾವ ಮಷೀನ್ ರೀ? ಮ್ಯಾಲೆ ನಿಂಟೆಂಡೊ ಅಂತ ಎಲ್ಲೂ ಬರದಿರಲಿಲ್ಲ.

ಅದು ಫ್ಯಾಮಿಕಾಂನ ನಕಲು. ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಜಪಾನಿನಲ್ಲಿ 1983ರ ಜುಲೈ 15ಕ್ಕೆ ಬಂತು. 1985ರಲ್ಲಿ ಎನ್‌ಇಎಸ್ ಅನ್ನುವ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ನಮ್ಮ ಕಡೆ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಇದರ ನಕಲು ಮಷೀನ್‌ಗಳೇ. ನಾವು ಕ್ಯಾಸೆಟ್ ಅಂತ ಕರೆಯುತ್ತಿದ್ದದ್ದಕ್ಕೆ 60 ಪಿನ್ ಇರುತ್ತಿತ್ತು. ಅದು ಫ್ಯಾಮಿಕಾಂ ಅಳತೆ. ಅಮೆರಿಕದ ಎನ್‌ಇಎಸ್ ಕ್ಯಾಸೆಟ್‌ಗೆ 72 ಪಿನ್.

ಒಳಗೆ ಇರುವುದು 6502 ಜಾತಿಯ 8 ಬಿಟ್ ಪ್ರೊಸೆಸರ್, 2 ಕೆಬಿ ರ‍್ಯಾಮ್, ಚಿತ್ರಕ್ಕೆ ಅಂತಲೇ ಇನ್ನೊಂದು 2 ಕೆಬಿ. ಪರದೆ 256 ಚುಕ್ಕೆ ಅಗಲ, 240 ಚುಕ್ಕೆ ಎತ್ತರ. ಆಮೇಲಿನ ಕಾಲದ ನಕಲು ಮಷೀನ್ ಬಿಚ್ಚಿ ನೋಡಿದರೆ ಬೋರ್ಡಿನ ಮೇಲೆ ಕಪ್ಪು ಅಂಟಿನ ಒಂದು ಗುಂಡು ಮಾತ್ರ ಕಾಣುತ್ತದೆ. ಇಡೀ ಕಂಪ್ಯೂಟರ್ ಅದರೊಳಗೇ ಇದೆ.

ಎಷ್ಟು ರೊಕ್ಕ ಬೇಕ್ರಿ ಶುರು ಮಾಡ್ಲಿಕ್ಕೆ?

ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಇದ್ದರೆ ಒಂದು ಪೈಸೆಯೂ ಬೇಡ. ಬೇಕಾದ ಸಾಫ್ಟ್‌ವೇರ್ ಎಲ್ಲಾ ಪುಕ್ಕಟೆ ಸಿಗುತ್ತದೆ. ಪ್ರೋಗ್ರಾಂ ಕಟ್ಟಲು ಸಿಸಿ65, ಸಂಗೀತಕ್ಕೆ ಫ್ಯಾಮಿಸ್ಟುಡಿಯೋ ಅಥವಾ ಫ್ಯಾಮಿಟ್ರ್ಯಾಕರ್, ಆಡಿಸಿ ನೋಡಲು ಮೆಸೆನ್ ಅನ್ನುವ ಎಮ್ಯುಲೇಟರ್, ಅಂದರೆ ಕಂಪ್ಯೂಟರ್ ಒಳಗೇ ಟಿವಿ ಗೇಮ್‌ನಂತೆ ನಡೆಯುವ ಸಾಫ್ಟ್‌ವೇರ್. ನಿಜವಾದ ಮಷೀನ್ ಆಮೇಲೆ ಹುಡುಕಿ. ಟಿವಿ ರಿಪೇರಿ ಅಂಗಡಿಯವರನ್ನು ಕೇಳಿ, ನಿಮ್ಮ ನೆಂಟರ ಮನೆ ಅಟ್ಟ ನೋಡಿ.

ಮೊಬೈಲ್‌ನಾಗ ಮಾಡಾಕ ಬರಲ್ವಾ?

ಸಂಗೀತ ಮಾಡಬಹುದು. ಫ್ಯಾಮಿಸ್ಟುಡಿಯೋ ಆಂಡ್ರಾಯ್ಡ್ ಮೇಲೂ ಓಡುತ್ತದೆ. ಕೋಡ್ ಬರೆಯಲು ಮಾತ್ರ ಕೀಬೋರ್ಡ್ ಇರುವ ಕಂಪ್ಯೂಟರ್ ಬೇಕು.

ನಮ್ಮ ಹುಡುಗ ಎಂಟನೇ ಕ್ಲಾಸ್. ಅವನಿಗೆ ಇದು ಆಗ್ತದೇನ್ರಿ?

ಆಗುತ್ತದೆ. ಮೊದಲು ಸಂಗೀತದ ಸಾಫ್ಟ್‌ವೇರ್ ಕೈಗೆ ಕೊಡಿ, ಕೋಡ್ ಬೇಡ. ಒಂದು ಸಂಜೆಯಲ್ಲಿ ಒಂದು ರಾಗದ ತುಣುಕು ಮಾಡಿ ಕೇಳಿಸಿದ ಹುಡುಗ ತಾನಾಗಿಯೇ ಮುಂದೆ ಕೇಳುತ್ತಾನೆ. ಗಣಿತದಲ್ಲಿ ಬೇಕಾದ್ದು ಎರಡೇ: 0ಯಿಂದ 255ರವರೆಗಿನ ಲೆಕ್ಕ, ಮತ್ತು ಆ ಸಂಖ್ಯೆಯನ್ನು ಎಂಟು ಸ್ವಿಚ್‌ಗಳ ಸಾಲಾಗಿ ನೋಡುವ ಅಭ್ಯಾಸ.

ಸಿ ಕಲೀಬೇಕಾ, ಅಸೆಂಬ್ಲಿ ಕಲೀಬೇಕಾ?

ಆಟದ ನಿಯಮಗಳನ್ನು ಸಿ ಭಾಷೆಯಲ್ಲಿ ಬರೆಯಿರಿ. ಸೌಂಡ್ ಎಂಜಿನ್, ಅಂದರೆ ಹಾಡು ನುಡಿಸುವ ಕೋಡ್, ಅಸೆಂಬ್ಲಿಯಲ್ಲಿ (ಪ್ರೊಸೆಸರ್‌ನ ಸ್ವಂತ ಆಜ್ಞೆಗಳಲ್ಲೇ ಬರೆಯುವ ಭಾಷೆ) ತಯಾರಿದ್ದೇ ಸಿಗುತ್ತದೆ, ಅದನ್ನು ಜೋಡಿಸಿಕೊಳ್ಳಿ. ಆದರೆ ಅಸೆಂಬ್ಲಿಗೆ ಹೆದರಿ ದೂರ ಇರಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 1975ರಲ್ಲಿ ಬಂದ 6502ಗೆ ಇರುವುದು 56 ಆಜ್ಞೆಗಳು. ಕೆಲಸ ಮಾಡಲು ಎ, ಎಕ್ಸ್, ವೈ ಅಂತ ಮೂರು ರಿಜಿಸ್ಟರ್, ಅಂದರೆ ಒಂದೊಂದು ಸಂಖ್ಯೆ ಹಿಡಿಯುವ ಜಾಗ. ಗುಣಾಕಾರದ ಆಜ್ಞೆಯೇ ಇಲ್ಲ. ಇಷ್ಟು ಚಿಕ್ಕ ಯಂತ್ರವನ್ನು ಒಬ್ಬ ಮನುಷ್ಯ ಪೂರ್ತಿ ತಿಳಿದುಕೊಳ್ಳಬಹುದು. ಇವತ್ತಿನ ಫೋನ್ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ ಅಲ್ವಾ?

ಮೊದಲನೇ ಆಟ ಯಾವುದು ಮಾಡ್ಲಿ?

ಒಂದೇ ಪರದೆಯಲ್ಲಿ ಮುಗಿಯುವ ಆಟ. ಪರದೆ ಪಕ್ಕಕ್ಕೆ ಸರಿಯುವ ಆಟಕ್ಕೆ ಈಗಲೇ ಕೈ ಹಾಕಬೇಡಿ. ಇಲ್ಲಿನವರಿಗೆ ನಾನು ಸೂಚಿಸುವುದು ಅಪ್ಪನ ಜಾತ್ರೆ, ಅಂದರೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆ. ತೇರಿನ ಮೇಲೆ ಎಸೆದ ಉತ್ತತ್ತಿ, ಬಾಳೆಹಣ್ಣು ಕೆಳಗೆ ಬೀಳುತ್ತವೆ. ಒಬ್ಬ ಹುಡುಗ ಎಡಕ್ಕೆ ಬಲಕ್ಕೆ ಓಡಿ ಹಿಡಿಯುತ್ತಾನೆ. ಇಷ್ಟರಲ್ಲೇ ಬಟನ್ ಓದುವುದು, ಗೊಂಬೆ ಸರಿಸುವುದು, ಡಿಕ್ಕಿ ನೋಡುವುದು, ಅಂಕ ಏರಿಸುವುದು, ಸೌಂಡ್ ಹಾಕುವುದು ಎಲ್ಲಾ ಬಂತು. ಪ್ರೋಗ್ರಾಂಗೆ 32 ಕೆಬಿ, ಚಿತ್ರಕ್ಕೆ 8 ಕೆಬಿ ಇರುವ ಸಾದಾ ಕ್ಯಾಸೆಟ್ ಇದಕ್ಕೆ ಬೇಕಾದಷ್ಟಾಯಿತು. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ ಅದೇ 40 ಕೆಬಿಯಲ್ಲಿದೆ.

## ಚಿತ್ರ ಮತ್ತು ಅಕ್ಷರ

ಆಟದಾಗ ಕನ್ನಡ ಅಕ್ಷರ ತೋರ್ಸಬಹುದಾ? ಎಲ್ಲಾರೂ ಇಂಗ್ಲಿಷ್‌ನಾಗೇ ಮಾಡ್ತಾರ.

ತೋರಿಸಬಹುದು, ತೋರಿಸಲೇಬೇಕು. ಆದರೆ ಇಂಗ್ಲಿಷ್‌ಗೆ ಮಾಡುವ ಹಾಗೆ ಪೂರ್ತಿ ಅಕ್ಷರಮಾಲೆ ಮಾಡಲು ಹೋಗಬೇಡಿ.

ಈ ಮಷೀನ್ ಪರದೆಯನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಟೈಲ್‌ಗಳಿಂದ ಕಟ್ಟುತ್ತದೆ. ಹಿನ್ನೆಲೆಗೆ ಒಂದು ಸಲಕ್ಕೆ 256 ಟೈಲ್ ಸಿಗುತ್ತವೆ. ಇಂಗ್ಲಿಷ್ ಅಕ್ಷರ ಒಂದು ಟೈಲ್‌ನಲ್ಲಿ ಕೂರುತ್ತದೆ. ನಮ್ಮ ಅಕ್ಷರ ಕೂರುವುದಿಲ್ಲ. 8 ಚುಕ್ಕೆಯಲ್ಲಿ ಬರೆದರೆ ಪ ಮತ್ತು ಷ, ಬ ಮತ್ತು ಭ, ರ ಮತ್ತು ಠ ಒಂದೇ ಥರ ಕಾಣುತ್ತವೆ. ಓದಲು ಬರಬೇಕಾದರೆ 16 ಅಗಲ, 16 ಎತ್ತರ ಬೇಕು. ಅಂದರೆ ಅಕ್ಷರಕ್ಕೆ 4 ಟೈಲ್. ವರ್ಣಮಾಲೆಯ 49 ಅಕ್ಷರಕ್ಕೇ 196 ಟೈಲ್ ಹೋಯಿತು. ಕಾಗುಣಿತ, ಒತ್ತಕ್ಷರ ಇನ್ನೂ ಬಾಕಿ.

ಹಾಗಾಗಿ ಪದಗಳನ್ನೇ ಚಿತ್ರವಾಗಿ ಬಿಡಿಸಿ. ಆಟಕ್ಕೆ ಬೇಕಾದ ಪದಗಳ ಪಟ್ಟಿ ಮೊದಲು ಮಾಡಿ. ಸಾಮಾನ್ಯವಾಗಿ ಅದು ಹತ್ತರ ಒಳಗೇ ಇರುತ್ತದೆ. ಒತ್ತಕ್ಷರ ಇಲ್ಲದ ಪದ ಆರಿಸಿ: ‘ಶುರು’, ‘ಅಂಕ’, ‘ಗೆಲುವು’, ‘ಸೋಲು’. ‘ಗೆದ್ದೆ’ ಅಂತ ಬರೆದರೆ ದ ಒತ್ತು ಕೆಳಗೆ ಇಳಿದು ಇನ್ನೊಂದು ಸಾಲು ಟೈಲ್ ತಿನ್ನುತ್ತದೆ. ಊರಿನ ಹೆಸರು ನಮಗೆ ಅನುಕೂಲವಾಗಿದೆ: ‘ಕಲಬುರಗಿ’ಯಲ್ಲಿ ಒಂದೂ ಒತ್ತಕ್ಷರ ಇಲ್ಲ. ಪದ ಬಿಡಿಸಿದ ಮೇಲೆ ಒಂದೇ ಥರ ಬಂದ ಟೈಲ್‌ಗಳನ್ನು ಒಂದಾಗಿಸಿ. ತಲೆಕಟ್ಟಿನ ಗೆರೆ ಹಲವು ಅಕ್ಷರಗಳಿಗೆ ಹಂಚಿಕೆಯಾಗುತ್ತದೆ, ಅದರಿಂದ ಸಾಕಷ್ಟು ಜಾಗ ಉಳಿಯುತ್ತದೆ. ಅಂಕಿಗಳಿಗೆ ಕನ್ನಡದ ೦ಯಿಂದ ೯ 8 ಚುಕ್ಕೆಯಲ್ಲೇ ಚೆನ್ನಾಗಿ ಬರುತ್ತವೆ. ೬ ಮತ್ತು ೯ರ ಬಾಲ ಮಾತ್ರ ಬೇರೆ ಬೇರೆ ಕಾಣುವಂತೆ ನೋಡಿಕೊಳ್ಳಿ.

ಪರದೆಯ ಮೇಲಿನ ಮತ್ತು ಕೆಳಗಿನ ಅಂಚಿಗೆ ಪದ ಇಡಬೇಡಿ. ಹಳೆ ಟಿವಿ ಅಂಚನ್ನು ಕತ್ತರಿಸುತ್ತದೆ. ಎರಡು ಟೈಲ್‌ನಷ್ಟು ಜಾಗ ಬಿಡಿ.

ನಾನು ಬೀದರಿನವ. ಬಿದರಿ ಡಿಸೈನ್ ಹಿನ್ನೆಲೆಗೆ ಹಾಕೋ ಆಸೆ. ಇಷ್ಟು ಕಡಿಮೆ ಬಣ್ಣದಲ್ಲಿ ಸಾಧ್ಯವೇ?

ಈ ಮಷೀನ್‌ಗೆ ಬಿದರಿಯಷ್ಟು ಹೊಂದುವ ಡಿಸೈನ್ ಇನ್ನೊಂದಿಲ್ಲ. ಒಂದು ಟೈಲ್‌ನಲ್ಲಿ ಹಿನ್ನೆಲೆ ಬಣ್ಣ ಸೇರಿ 4 ಬಣ್ಣ ಮಾತ್ರ. ಇಡೀ ಪರದೆಯಲ್ಲಿ ಒಟ್ಟಿಗೆ 25. ಬಿದರಿಗೆ ಬೇಕಾದ್ದು ಕಪ್ಪು ತಳ, ಬೆಳ್ಳಿ ಗೆರೆ, ಬೆಳ್ಳಿಯ ನೆರಳು. ಕಪ್ಪಿಗೆ $0F ನಂಬರ್ ಬಣ್ಣ, ಬೆಳ್ಳಿಗೆ $00, $10, $30 ತೆಗೆದುಕೊಳ್ಳಿ ($ ಗುರುತು ಇದ್ದರೆ ಅದು 16ರ ಲೆಕ್ಕದ, ಅಂದರೆ ಹೆಕ್ಸ್, ಸಂಖ್ಯೆ). ಬೆಳ್ಳಿಯ ಈ ಮೂರು ಗಾಢ ಬೂದು, ತಿಳಿ ಬೂದು, ಬಿಳಿ. ಕಪ್ಪು ಬೇಕು ಅಂತ $0D ನಂಬರ್ ಮುಟ್ಟಬೇಡಿ. ಅದರ ಸಿಗ್ನಲ್ ಕಪ್ಪಿಗಿಂತ ಕೆಳಗೆ ಇಳಿಯುತ್ತದೆ, ಕೆಲವು ಟಿವಿಗಳಲ್ಲಿ ಚಿತ್ರ ಅಲುಗುತ್ತದೆ.

ಬಳ್ಳಿಯ ಒಂದು ತಿರುವನ್ನು 16 ಚುಕ್ಕೆಯ ಚೌಕದಲ್ಲಿ ಬಿಡಿಸಿ, ನಾಲ್ಕೂ ಅಂಚು ಪಕ್ಕದ ಚೌಕಕ್ಕೆ ಕೂಡುವಂತೆ ಮಾಡಿ. ಹಿನ್ನೆಲೆಯ ಬಣ್ಣದ ಗುಂಪು ಬದಲಾಗುವುದೂ ಅದೇ 16 ಚುಕ್ಕೆಯ ಚೌಕಕ್ಕೆ. ಹಾಗಾಗಿ ಎರಡೂ ಲೆಕ್ಕ ಸರಿಹೋಗುತ್ತದೆ.

ಗೊಂಬೆಗಳು ಒಂದೇ ಸಾಲಿಗೆ ಬಂದ ಕೂಡ್ಲೇ ಕೆಲವು ಮಾಯ ಆಗ್ತಾವ. ಯಾಕ?

ಗೊಂಬೆಗಳನ್ನು ಕಟ್ಟುವ, ಪರದೆ ಮೇಲೆ ಓಡಾಡುವ ಚಿಕ್ಕ ಚಿತ್ರದ ತುಂಡಿಗೆ ಸ್ಪ್ರೈಟ್ ಅನ್ನುತ್ತಾರೆ. ಪರದೆಯಲ್ಲಿ ಒಟ್ಟು 64 ಸ್ಪ್ರೈಟ್ ಇರಬಹುದು, ಆದರೆ ಒಂದು ಅಡ್ಡಗೆರೆಯಲ್ಲಿ 8 ಮಾತ್ರ. ಒಂಬತ್ತನೆಯದು ಕಾಣುವುದಿಲ್ಲ. ಪ್ರತಿ ಫ್ರೇಮಿಗೆ, ಅಂದರೆ ಪರದೆ ಹೊಸದಾಗಿ ಮೂಡುವ ಪ್ರತಿ ಸಲಕ್ಕೂ, ಸ್ಪ್ರೈಟ್‌ಗಳ ಕ್ರಮ ತಿರುಗಿಸಿ. ಆಗ ಯಾವುದೂ ಪೂರ್ತಿ ಮಾಯವಾಗದೆ ಮಿನುಗುತ್ತದೆ ಅಷ್ಟೇ.

## ಸೌಂಡ್

ಒಂದೇ ಒಂದು ಸ್ವರ ಕೇಳಿಸ್ಬೇಕಂದ್ರ ಏನು ಬರೀಬೇಕು?

ಸೌಂಡ್ ನಡೆಸುವ ಭಾಗದ ವಿಳಾಸಗಳಿಗೆ ಐದು ಸಂಖ್ಯೆ ಬರೆದರೆ ಸಾಕು. $4015ಗೆ 1 ಬರೆಯಿರಿ, ಮೊದಲ ಚಾನಲ್ (ಒಂದು ಸಲಕ್ಕೆ ಒಂದು ಸೌಂಡ್ ನುಡಿಸುವ ಭಾಗ) ಎಚ್ಚರವಾಗುತ್ತದೆ. $4000ಕ್ಕೆ 191, ಇದು ಅರ್ಧ-ಅರ್ಧ ಅಲೆ ಮತ್ತು ಪೂರ್ತಿ ವಾಲ್ಯೂಮ್. $4001ಕ್ಕೆ 8, ಸ್ವರ ತಾನಾಗಿ ಜಾರದಂತೆ. $4002ಕ್ಕೆ 253. ಕೊನೆಗೆ $4003ಕ್ಕೆ 0. ಅಷ್ಟೇ, ಟಿವಿಯಿಂದ ಸ್ವರ ಹೊರಡುತ್ತದೆ.

253 ಎಲ್ಲಿಂದ ಬಂತು? ಜಪಾನ್ ಮತ್ತು ಅಮೆರಿಕದ ಮಷೀನ್‌ನಲ್ಲಿ ಪ್ರೊಸೆಸರ್ ಸೆಕೆಂಡಿಗೆ 17,89,773 ಸಲ ಬಡಿಯುತ್ತದೆ. ಅದನ್ನು 16ರಿಂದ ಭಾಗಿಸಿ, ಬಂದದ್ದನ್ನು ನಿಮಗೆ ಬೇಕಾದ ಹರ್ಟ್ಸ್‌ನಿಂದ ಭಾಗಿಸಿ, 1 ಕಳೆಯಿರಿ. 440 ಹರ್ಟ್ಸ್‌ಗೆ 253 ಬರುತ್ತದೆ. ಈ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ. ಮುಂದೆ ನಮ್ಮ ಮಷೀನ್‌ಗೆ ಸ್ವರ ಕೂಡಿಸುವಾಗ ಇದೇ ಲೆಕ್ಕ ಮತ್ತೆ ಬೇಕಾಗುತ್ತದೆ.

ಐದೇ ಚಾನಲ್ಲಾ? ಅದರಾಗ ಹಾಡು ಹೆಂಗ್ ಮಾಡೋದು?

ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ರೆಕಾರ್ಡ್ ಮಾಡಿದ ಸೌಂಡ್ ನುಡಿಸಲು ಒಂದು ಡಿಪಿಸಿಎಂ. ಪಲ್ಸ್‌ಗೆ 16 ಮಟ್ಟದ ವಾಲ್ಯೂಮ್ ಮತ್ತು ನಾಲ್ಕು ಥರದ ದನಿ ಇದೆ: 12.5, 25, 50, 75 ಶೇಕಡಾ. ಒಂದು ಅಲೆಯಲ್ಲಿ ಎಷ್ಟು ಪಾಲು ಹೊತ್ತು ಅದು ಮೇಲಿರುತ್ತದೆ ಅನ್ನುವ ಲೆಕ್ಕ ಇದು. ಟ್ರಯಾಂಗಲ್‌ಗೆ ವಾಲ್ಯೂಮ್ ಇಲ್ಲ. ಒಂದೋ ನುಡಿಯುತ್ತದೆ, ಇಲ್ಲವೋ ಸುಮ್ನಿರುತ್ತದೆ. ಅದೇ ಸಂಖ್ಯೆ ಕೊಟ್ಟರೆ ಪಲ್ಸ್‌ಗಿಂತ ಒಂದು ಸಪ್ತಕ ಕೆಳಗೆ ನುಡಿಯುತ್ತದೆ.

ನಮ್ಮ ಸಂಗೀತಕ್ಕೆ ಇಷ್ಟು ಕಡಿಮೆಯೇನಲ್ಲ. ಸ್ವರಗಳನ್ನು ಗುಂಪಾಗಿ ಪೇರಿಸುವ ಸಂಗೀತಕ್ಕೆ ಚಾನಲ್ ಸಾಲದು. ಈ ಭಾಗದ ತತ್ವಪದಕ್ಕೆ ಬೇಕಾದ್ದು ಏಕತಾರಿಯ ಒಂದು ತಂತಿ, ಒಂದು ದನಿ, ಒಂದು ತಾಳ. ಏಕತಾರಿಯನ್ನು ಎರಡನೇ ಪಲ್ಸ್‌ನಲ್ಲಿ 12.5 ಶೇಕಡಾ ದನಿಯಲ್ಲಿ ಇಡಿ. ವಾಲ್ಯೂಮ್ 8ರಿಂದ ಶುರುವಾಗಿ 6, 5, 4, 3 ಅಂತ ಇಳಿಯಲಿ, ಪ್ರತಿ ಮೀಟಿಗೂ ಮತ್ತೆ 8. ಮೊದಲ ಪಲ್ಸ್ ಹಾಡುತ್ತದೆ. ಟ್ರಯಾಂಗಲ್ ಮತ್ತು ನಾಯ್ಸ್ ತಾಳಕ್ಕೆ ಉಳಿಯುತ್ತವೆ.

ಹಲಗಿ ಸೌಂಡ್ ಬರಸಬಹುದಾ? ಜಾತ್ರಿ ಆಟ ಅಂದ್ರ ಹಲಗಿ ಬೇಕೇ ಬೇಕು.

ನನಗೆ ಬಹಳ ಇಷ್ಟದ ಪ್ರಶ್ನೆ ಇದು. ಬೆಂಕಿಗೆ ಹಿಡಿದು ಕಾಯಿಸಿದ ಹಲಗಿಯ ಏಟನ್ನು ಕಿವಿಗೊಟ್ಟು ಕೇಳಿ. ಅದರಲ್ಲಿ ಎರಡು ಸೌಂಡ್ ಇವೆ. ಕಡ್ಡಿ ಚರ್ಮಕ್ಕೆ ತಾಗಿದ ‘ಚಟ್’, ಅದರ ಹಿಂದೆಯೇ ಚರ್ಮದ ಮೈಯಿಂದ ಬರುವ ಗುಂಗು. ಎರಡನ್ನೂ ಬೇರೆ ಬೇರೆ ಮಾಡಿ ಒಟ್ಟಿಗೆ ಹೊಡೆಯಬೇಕು.

‘ಚಟ್’ ನಾಯ್ಸ್ ಚಾನಲ್‌ನಿಂದ. ಮೊದಲ ಫ್ರೇಮಿನಲ್ಲಿ ವಾಲ್ಯೂಮ್ 15, ಆಮೇಲೆ 9, 5, 2, 0. ನಾಯ್ಸ್‌ನ 16 ಪಿಚ್‌ಗಳಲ್ಲಿ ಮೇಲಿನದನ್ನು ಆರಿಸಿ. ಕೆಳಗಿನದು ಬಾಂಬ್ ಸಿಡಿದಂತೆ ಕೇಳುತ್ತದೆ.

ಗುಂಗು ಟ್ರಯಾಂಗಲ್‌ನಿಂದ. ಸುಮಾರು 200 ಹರ್ಟ್ಸ್‌ನಿಂದ 90 ಹರ್ಟ್ಸ್‌ಗೆ ಐದು ಫ್ರೇಮಿನಲ್ಲಿ ಇಳಿಸಿ, ಥಟ್ಟನೆ ನಿಲ್ಲಿಸಿ. ನಮ್ಮ ನಕಲು ಮಷೀನ್‌ಗೆ ಆ ಸಂಖ್ಯೆಗಳು 276, 340, 420, 510, 615. ವಾಲ್ಯೂಮ್ ಇಲ್ಲದ ಚಾನಲ್‌ನಲ್ಲಿ ಈ ಇಳಿತವೇ ಏಟು ಆರಿದ ಹಾಗೆ ಕೇಳಿಸುತ್ತದೆ. ಜೋರು ಏಟಿಗೆ ಎರಡೂ ಹೊಡೆಯಿರಿ. ಮಧ್ಯದ ಸಣ್ಣ ಏಟುಗಳಿಗೆ ನಾಯ್ಸ್ ಮಾತ್ರ, ವಾಲ್ಯೂಮ್ 6ರಿಂದ. ಜೋರು ಮತ್ತು ಸಣ್ಣ ಏಟಿನ ಈ ವ್ಯತ್ಯಾಸ ಇಟ್ಟರೆ ಮಾತ್ರ ಅದು ಹಲಗಿ. ಎಲ್ಲಾ ಏಟೂ ಒಂದೇ ಥರ ಇದ್ದರೆ ಬರೀ ಗಡಿಯಾರದ ಟಿಕ್ ಟಿಕ್.

ಹಣ್ಣು ಹಿಡಿದಾಗ ಹಾಡಿನ ಒಂದು ಎಳೆ ಕಡಿದು ಹೋಗ್ತದ.

ಹಿಡಿದ ಸೌಂಡ್ ಕೂಡ ಅದೇ ಚಾನಲ್ ಕೇಳುತ್ತಿದೆ. ಎರಡನೇ ಪಲ್ಸ್‌ಗೆ ಎಲ್ಲಾ ಚಿಕ್ಕ ಸೌಂಡ್ ಕಟ್ಟಿ, ರಾಗವನ್ನು ಯಾವತ್ತೂ ಮೊದಲ ಪಲ್ಸ್‌ನಲ್ಲಿಡಿ. ಏಕತಾರಿ ಅರೆಕ್ಷಣ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಡು ನಿಂತರೆ ಎಲ್ಲರಿಗೂ ಗೊತ್ತಾಗುತ್ತದೆ.

## ನಮ್ಮ ಮಷೀನ್ ಮೇಲೆ

ಎಮ್ಯುಲೇಟರ್‌ನಾಗ ಸರಿ ಇತ್ತು. ಟಿವಿ ಗೇಮ್‌ಗೆ ಹಾಕಿದ್ರ ಹಾಡೂ ನಿಧಾನ, ಆಟನೂ ನಿಧಾನ. ಏನಾಗಿದೆ?

ಪಾಠಗಳು ಹೆಚ್ಚಾಗಿ 60 ಫ್ರೇಮಿನ ಮಷೀನ್ ಇಟ್ಟುಕೊಂಡು ಬರೆದವು. ಭಾರತದ ಟಿವಿ ಪಾಲ್ ಪದ್ಧತಿಯದು, ಸೆಕೆಂಡಿಗೆ 50 ಫ್ರೇಮ್. ಫ್ರೇಮಿಗೆ ಒಂದು ಹೆಜ್ಜೆ ಅಂತ ಬರೆದ ಹಾಡು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ. ಪರಿಹಾರ ಸುಲಭ: ಪ್ರತಿ ಐದನೇ ಫ್ರೇಮಿನಲ್ಲಿ ಸೌಂಡ್ ಎಂಜಿನ್ ಅನ್ನು ಎರಡು ಸಲ ಕರೆಯಿರಿ. ಗೊಂಬೆಯ ವೇಗವನ್ನು ಅರ್ಧ, ಕಾಲು ಚುಕ್ಕೆಯ ಲೆಕ್ಕದಲ್ಲಿ ಇಟ್ಟು 1.2ರಿಂದ ಹೆಚ್ಚಿಸಿ.

ಸ್ವರದ ವಿಷಯದಲ್ಲಿ ಇನ್ನೂ ಒಂದು ಗುಂಡಿ ಇದೆ. ಪಾಲ್ ಅಂದ ಕೂಡಲೇ ಯುರೋಪಿನ ಎನ್‌ಇಎಸ್‌ಗೆ ಮಾಡಿದ ಸ್ವರದ ಪಟ್ಟಿ ಹಾಕಿಬಿಡುತ್ತಾರೆ. ಅದು ತಪ್ಪು. ಯುರೋಪಿನ ಅಸಲಿ ಮಷೀನ್ ಬಡಿತ 16,62,607. ನಮ್ಮ ಕಡೆಯ ಬಹುತೇಕ ನಕಲುಗಳದ್ದು 17,73,448, ಅಂದರೆ ಜಪಾನಿನದಕ್ಕೆ ಹತ್ತಿರ. ಯುರೋಪಿನ ಪಟ್ಟಿಯಲ್ಲಿ 440 ಹರ್ಟ್ಸ್‌ಗೆ 235 ಇರುತ್ತದೆ. ಅದನ್ನು ನಮ್ಮ ಮಷೀನ್‌ಗೆ ಕೊಟ್ಟರೆ ಸುಮಾರು 470 ಹರ್ಟ್ಸ್ ನುಡಿಯುತ್ತದೆ, ಅರ್ಧ ಸ್ವರಕ್ಕಿಂತ ಜಾಸ್ತಿ ಮೇಲೆ. ಜಪಾನಿನ 253 ಕೊಟ್ಟರೆ 436, ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡರೆ ಮಾತ್ರ ಗೊತ್ತಾಗುವಷ್ಟು ಇಳಿತ. ಸರಿಯಾದದ್ದು 251.

ಎಮ್ಯುಲೇಟರ್‌ನಲ್ಲಿ ಪ್ರದೇಶ ಆರಿಸುವ ಕಡೆ ‘ಡೆಂಡಿ’ ಅಂತ ಇರುತ್ತದೆ. ಡೆಂಡಿ ರಷ್ಯಾದಲ್ಲಿ ಮಾರುತ್ತಿದ್ದ ಇದೇ ಥರದ ನಕಲು. ನಮ್ಮ ಮಷೀನ್‌ಗೆ ಹೊಂದುವುದು ಅದೇ. ಮೊದಲ ದಿನದಿಂದ ಅದರಲ್ಲೇ ಕೇಳುತ್ತಾ ಬರೆಯಿರಿ.

ವೇಗ, ಸ್ವರ ಎಲ್ಲಾ ಸರಿ ಮಾಡಿದೆ. ಆದ್ರೂ ಪಲ್ಸ್ ದನಿ ಬೇರೆ ಕೇಳ್ತದ. ನನ್ನ ಕಿವಿ ತಪ್ಪಾ?

ಕಿವಿ ಸರಿಯಾಗಿದೆ. ಹಲವು ನಕಲು ಚಿಪ್‌ಗಳಲ್ಲಿ 25 ಮತ್ತು 50 ಶೇಕಡಾ ದನಿ ಅದಲು-ಬದಲಾಗಿವೆ. ನೀವು 50 ಕೇಳಿದರೆ 25 ನುಡಿಯುತ್ತದೆ. 12.5 ಮತ್ತು 75 ಮಾತ್ರ ಇದ್ದ ಹಾಗೇ ಇವೆ. 75 ಅಂದರೆ 25ರ ತಲೆಕೆಳಗಾದ ಅಲೆ, ಕಿವಿಗೆ ಎರಡೂ ಒಂದೇ. ಹಾಗಾಗಿ 25 ಬೇಕಾದಲ್ಲೆಲ್ಲಾ 75 ಬರೆಯಿರಿ. ಅಸಲಿ, ನಕಲು ಎರಡರಲ್ಲೂ ಒಂದೇ ಥರ ಕೇಳುತ್ತದೆ. 50ನ್ನು ಬಿಟ್ಟುಬಿಡಿ. ಮೆಸೆನ್‌ನಲ್ಲಿ ಈ ಅದಲು-ಬದಲನ್ನು ಆನ್ ಮಾಡಿ ಕೇಳುವ ಆಯ್ಕೆಯೂ ಇದೆ.

ಕ್ಯಾಸೆಟ್ ಹೆಂಗ್ ಮಾಡೋದು?

ರೊಕ್ಕ ಇದ್ದರೆ ಎವರ್‌ಡ್ರೈವ್ ಎನ್8 ಥರದ ಮೆಮೊರಿ ಕಾರ್ಡ್ ಕ್ಯಾಸೆಟ್ ತರಿಸಿ, 60 ಪಿನ್‌ನದ್ದೇ ನೋಡಿ. ಇಲ್ಲದಿದ್ದರೆ ಹಳೆ ಕ್ಯಾಸೆಟ್ ಒಂದನ್ನು ಬಿಚ್ಚಿ. ಒಳಗೆ ಕಾಲುಗಳಿರುವ ಚಿಪ್ ಕಂಡರೆ ಅದನ್ನು ಬಿಡಿಸಿ 32 ಕೆಬಿ ಮತ್ತು 8 ಕೆಬಿಯ ಈಪ್ರಾಂ (ನಾವೇ ಪ್ರೋಗ್ರಾಂ ತುಂಬಬಹುದಾದ ಚಿಪ್) ಹಾಕಬಹುದು. ಕಾಲುಗಳ ಕ್ರಮ ಒಂದೊಂದನ್ನೂ ಹೋಲಿಸಿ ನೋಡಿಯೇ ಬೆಸುಗೆ ಹಾಕಿ. ಕಪ್ಪು ಅಂಟಿನ ಗುಂಡು ಕಂಡರೆ ಆ ಬೋರ್ಡು ಪ್ರಯೋಜನವಿಲ್ಲ, ಡಬ್ಬಿ ಮಾತ್ರ ಇಟ್ಟುಕೊಳ್ಳಿ.

ಬ್ಯಾಸಗಿಯಾಗ ಕರೆಂಟ್ ಹೋಗ್ತದ. ಆಡಿದ್ದು ಉಳಿಯೋ ಹಂಗ ಮಾಡಬಹುದಾ?

ಸಾದಾ ಕ್ಯಾಸೆಟ್‌ನಲ್ಲಿ ಏನೂ ಉಳಿಯುವುದಿಲ್ಲ. ಉಳಿಸಲು ಬ್ಯಾಟರಿ ಇರುವ ಕ್ಯಾಸೆಟ್ ಬೇಕು. ನಮಗೆ ಪಾಸ್‌ವರ್ಡ್ ಸಾಕು. ಪ್ರತಿ ಹಂತದ ಕೊನೆಗೆ ನಾಲ್ಕೈದು ಅಂಕಿ ತೋರಿಸಿ, ಕೊನೆಯ ಅಂಕಿ ಉಳಿದವುಗಳ ಮೊತ್ತದಿಂದ ಬರಲಿ. ಅಂದಾಜಿಗೆ ಒತ್ತಿದರೆ ಒಪ್ಪುವುದಿಲ್ಲ. ಅದನ್ನು ಹಂತದ ಕೊನೆಗೆ ತೋರಿಸಿ, ಸೋತ ಮೇಲಲ್ಲ. ಕರೆಂಟ್ ಹೇಳಿ ಹೋಗುವುದಿಲ್ಲವಲ್ಲ.

ಹಳೆ ಆಟದ ಚಿತ್ರ, ಹಾಡು ತಗೊಂಡು ನಮ್ಮ ಆಟ ಅಂತ ಮಾರಬಹುದಾ?

ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂಗೂ ಅನ್ವಯಿಸುತ್ತದೆ. ನೀವೇ ಬರೆದ ಕೋಡ್, ಚಿತ್ರ, ಸಂಗೀತ ಪೂರ್ತಿ ನಿಮ್ಮದು. ಅದನ್ನು ಹಂಚಿ, ಮಾರಿ. ಡಬ್ಬಿಯ ಮೇಲೆ ನಿಂಟೆಂಡೊ ಗುರುತು ಹಾಕಬೇಡಿ.

## ಸ್ವಲ್ಪ ಮುಂದೆ ಹೋದವರಿಗೆ

ದನಿ ನಡುಗಿಸಿದಾಗ ಮಧ್ಯೆ ಮಧ್ಯೆ ‘ಟಿಕ್’ ಅಂತದ. ಕೆಲವು ಸ್ವರಕ್ಕ ಮಾತ್ರ.

ಪಾಶ್ಚಾತ್ಯ ಪದ್ಧತಿಯ ‘ಎ’ ಸ್ವರದಲ್ಲೇ (440, 220, 110 ಹರ್ಟ್ಸ್) ಜಾಸ್ತಿ ಅಲ್ವಾ? ಸ್ವರದ ಸಂಖ್ಯೆ ಎರಡು ಭಾಗವಾಗಿ ಹೋಗುತ್ತದೆ, ಕೆಳಗಿನದು $4002ಕ್ಕೆ, ಮೇಲಿನದು $4003ಕ್ಕೆ. $4003ಕ್ಕೆ ಬರೆದಾಗಲೆಲ್ಲಾ ಅಲೆ ಮೊದಲಿನಿಂದ ಶುರುವಾಗುತ್ತದೆ, ಅದೇ ಆ ‘ಟಿಕ್’. 440 ಹರ್ಟ್ಸ್‌ನ ಸಂಖ್ಯೆ 256ರ ಗಡಿಯ ಪಕ್ಕ, 220ರದು 512ರ ಪಕ್ಕ, 110ರದು 1024ರ ಪಕ್ಕ. ಸ್ವಲ್ಪ ನಡುಗಿಸಿದರೂ ಗಡಿ ದಾಟುತ್ತದೆ. ಮೊದಲ ಉಪಾಯ: ಮೇಲಿನ ಭಾಗ ಬದಲಾಗದಿದ್ದರೆ $4003 ಮುಟ್ಟಲೇಬೇಡಿ. ಎರಡನೆಯದು: ಈ ಸ್ವರಗಳಲ್ಲಿ ನಡುಕವನ್ನು ಒಂದೇ ಬದಿಗೆ, ಸಂಖ್ಯೆ ಕಡಿಮೆಯಾಗುವ ಕಡೆಗೆ ಇಡಿ. ಗಮಕ ಹಾಕುವವರಿಗೆ ಇದು ಬಹಳ ಮುಖ್ಯ. ನಮ್ಮ ಹಾಡು ಸ್ವರದಿಂದ ಸ್ವರಕ್ಕೆ ಜಾರುತ್ತಲೇ ಇರುತ್ತದೆ, ದಾರಿಯಲ್ಲಿ ಈ ಗಡಿಗಳು ಸಿಗುತ್ತಲೇ ಇರುತ್ತವೆ.

ಖರೇ ಹಲಗಿನೇ ರೆಕಾರ್ಡ್ ಮಾಡಿ ಹಾಕಿದ್ರ? ಹಾಕಿ ನೋಡಿದೆ, ಆದ್ರ ಹುಡುಗ ತಾನಾಗೇ ಬಲಕ್ಕ ಓಡ್ತಾನ.

ಡಿಪಿಸಿಎಂ ಚಾನಲ್‌ನಲ್ಲಿ ಹಾಕಬಹುದು. ಅಮೆರಿಕದ ಮಷೀನ್‌ನಲ್ಲಿ ಅತಿ ಹೆಚ್ಚು ಗುಣಮಟ್ಟ 33 ಕಿಲೋಹರ್ಟ್ಸ್, ಒಂದು ಸೆಕೆಂಡಿಗೆ 4 ಕೆಬಿ ಜಾಗ ಬೇಕು. ಒಂದು ತುಣುಕು 4081 ಬೈಟ್ ಮೀರುವಂತಿಲ್ಲ, ಮತ್ತು ಪ್ರೋಗ್ರಾಂ ಜಾಗದ ಕೊನೆಯ 16 ಕೆಬಿಯಲ್ಲೇ ಇರಬೇಕು. ಒಂದು ಹಲಗಿ ಏಟಿಗೆ ಕಾಲು ಸೆಕೆಂಡ್ ಸಾಕು, ಸುಮಾರು 1 ಕೆಬಿ.

ಹುಡುಗ ತಾನಾಗಿ ಓಡುವುದು ಚಿಪ್‌ನ ಹಳೆಯ ದೋಷ. ಬಟನ್‌ಗಳನ್ನು $4016ರಿಂದ ಒಂದೊಂದಾಗಿ ಎಂಟು ಸಲ ಓದುತ್ತೇವೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಓದುವ ಹೊತ್ತಿಗೇ ಸೌಂಡ್ ಚಾನಲ್ ಕ್ಯಾಸೆಟ್‌ನಿಂದ ಒಂದು ಬೈಟ್ ಎಳೆದುಕೊಂಡರೆ ಒಂದು ಬಟನ್ ತಪ್ಪಿ ಮುಂದಕ್ಕೆ ಹೋಗುತ್ತದೆ. ಸಾಲು ಒಂದು ಸ್ಥಾನ ಸರಿದು, ಕೊನೆಯ ‘ಬಲ’ದ ಜಾಗದಲ್ಲಿ 1 ಬಂದು ಕೂರುತ್ತದೆ. ಯಾರೂ ಒತ್ತದಿದ್ದರೂ ಹುಡುಗ ಬಲಕ್ಕೆ ಓಡುತ್ತಾನೆ.

ಬಟನ್‌ಗಳನ್ನು ಪ್ರತಿ ಫ್ರೇಮಿಗೆ ಎರಡು ಸಲ ಪೂರ್ತಿ ಓದಿ ಹೋಲಿಸಿ. ಎರಡೂ ಒಂದೇ ಇದ್ದರೆ ತೆಗೆದುಕೊಳ್ಳಿ, ಬೇರೆ ಇದ್ದರೆ ಮತ್ತೆ ಓದಿ. ಹಲಗಿ ರೆಕಾರ್ಡಿಂಗ್ ಹಾಕಿದ ಆಟಕ್ಕೆ ಇದನ್ನು ಬಿಡದೆ ಸೇರಿಸಿ, ಎಮ್ಯುಲೇಟರ್‌ನಲ್ಲಿ ಆ ದೋಷ ಕಾಣದಿದ್ದರೂ ಸರಿ.